ತಿರುಗುವೇದಿಕೆ ನಿಂತ ಮೇಲೆ: ಹಳೆಯ ಮ್ಯೂಸಿಕಲ್‌ಗಳನ್ನು ಇದ್ದಂತೆಯೇ ಉಳಿಸಬೇಕೆ, ಹೊಸದಾಗಿ ಕಟ್ಟಬೇಕೆ?

2019ರ ಜುಲೈ 13ರಂದು ಲಂಡನ್ನಿನ ಕ್ವೀನ್ಸ್ ಥಿಯೇಟರಿನಲ್ಲಿ ‘ಲೇ ಮಿಸೆರಾಬ್ಲ್’ ಮ್ಯೂಸಿಕಲ್‌ನ (ಹಾಡುಗಳಲ್ಲಿ ಕಥೆ ಹೇಳುವ ನಾಟಕದ) ಒಂದು ರಂಗರೂಪ ಕೊನೆಯ ಪ್ರದರ್ಶನ ಕಂಡಿತು. 1985ರ ಅಕ್ಟೋಬರಿನಲ್ಲಿ ಬಾರ್ಬಿಕನ್ ರಂಗಮಂದಿರದಲ್ಲಿ ಆರಂಭವಾಗಿ, ಅಲ್ಲಿಂದ ಪ್ಯಾಲೆಸ್ ಥಿಯೇಟರಿಗೆ, 2004ರಲ್ಲಿ ಕ್ವೀನ್ಸ್‌ಗೆ ವಾಸ ಬದಲಿಸುತ್ತ ಮೂವತ್ತಮೂರು ವರ್ಷಗಳಿಗೂ ಮೀರಿ ನಡೆದ ಪ್ರಯೋಗ ಅದು. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಕಟ್ಟಡ ಸಾಂಡ್‌ಹೈಮ್ ಥಿಯೇಟರ್ ಎಂಬ ಹೊಸ ಹೆಸರು ಹೊತ್ತು ಬಾಗಿಲು ತೆರೆದಾಗ ಒಳಗೆ ನಡೆದದ್ದೂ ‘ಲೇ ಮಿಸೆರಾಬ್ಲ್’ ನಾಟಕವೇ. ಹಾಡುಗಳು ಅವೇ, ಕಥೆ ಅದೇ, ನಿರ್ಮಾಪಕ ಕ್ಯಾಮರಾನ್ ಮ್ಯಾಕಿಂಟಾಷ್ ಅವರೇ. ಆದರೆ ನಿರ್ದೇಶಕರು ಬೇರೆ, ರಂಗವಿನ್ಯಾಸಕಾರರು ಬೇರೆ, ಮತ್ತು ನಾಟಕದ ಗುರುತೇ ಆಗಿದ್ದ ತಿರುಗುವೇದಿಕೆ ಅಲ್ಲಿರಲಿಲ್ಲ. ಮೊದಲ ಬಾರಿಗೆ ಬಂದ ಪ್ರೇಕ್ಷಕರಿಗೆ ಏನೂ ಕಳೆದುಹೋದಂತೆ ಅನ್ನಿಸಿರಲಾರದು. ಹಳೆಯದನ್ನು ಬಲ್ಲವರು ಮಾತ್ರ, ತಾವು ನೋಡಿದ್ದು ಅದೇ ನಾಟಕವೋ ಅದೇ ಹೆಸರಿನ ಇನ್ನೊಂದೋ ಎಂದು ವಾದಿಸತೊಡಗಿದರು. ಆ ವಾದ ಇಂದಿಗೂ ಮುಗಿದಿಲ್ಲ.

ಹೊರಗಿನವರಿಗೆ ಇದು ಅಭಿಮಾನಿಗಳ ಹಟದಂತೆ ಕಾಣಬಹುದು. ಒಂದು ನಾಟಕವನ್ನು ಒಂದೊಂದು ತಂಡ ತನಗೆ ತೋಚಿದಂತೆ ಆಡುವುದು ರಂಗಭೂಮಿಯ ಸಹಜ ರೂಢಿಯಾಗಿರುವಾಗ ಮ್ಯೂಸಿಕಲ್‌ಗೆ ಮಾತ್ರ ಬೇರೆ ನ್ಯಾಯವೇಕೆ? ಇದಕ್ಕೆ ಉತ್ತರ ಹುಡುಕಬೇಕಾದರೆ, ದೀರ್ಘಕಾಲ ಓಡುವ ಮ್ಯೂಸಿಕಲ್ ಎಂಬುದು ಯಾವ ಯಾವ ವಸ್ತುಗಳಿಂದ ಆಗಿದೆ, ಅವುಗಳಲ್ಲಿ ಯಾವುದು ಯಾರ ಒಡೆತನದಲ್ಲಿದೆ, ಯಾವುದನ್ನು ತೆಗೆದರೆ ಕಟ್ಟಡ ನಿಲ್ಲುತ್ತದೆ, ಯಾವುದನ್ನು ತೆಗೆದರೆ ಕುಸಿಯುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಮ್ಯೂಸಿಕಲ್ ಒಂದರಲ್ಲಿ ಎರಡು ಪದರಗಳಿವೆ. ಸಂಭಾಷಣೆ, ಗೀತಸಾಹಿತ್ಯ ಮತ್ತು ಸಂಗೀತ ಸೇರಿದ ಪಠ್ಯ ಒಂದು ಪದರ. ಇದು ಕಾಗದದ ಮೇಲೆ ಉಳಿಯುತ್ತದೆ, ಇದರ ಹಕ್ಕು ಬರೆದವರದು. ನಿರ್ದೇಶನ, ನೃತ್ಯಸಂಯೋಜನೆ, ರಂಗಸಜ್ಜಿಕೆ, ವೇಷಭೂಷಣ, ಬೆಳಕು, ಧ್ವನಿ ಸೇರಿದ ರಂಗರೂಪ ಇನ್ನೊಂದು ಪದರ. ಇದು ಬದುಕುವುದು ಪ್ರದರ್ಶನ ನಡೆಯುವ ಹೊತ್ತಿನಲ್ಲಿ ಮಾತ್ರ, ಮತ್ತು ಇದರ ಒಡೆತನ ಹಲವರಲ್ಲಿ ಹಂಚಿಹೋಗಿದೆ. ಸಣ್ಣ ತಂಡವೊಂದು ನಾಟಕದ ಪರವಾನಗಿ ಪಡೆದಾಗ ಸಾಮಾನ್ಯವಾಗಿ ಅದಕ್ಕೆ ಸಿಗುವುದು ಮೊದಲನೆಯ ಪದರ ಮಾತ್ರ. ಎರಡನೆಯದನ್ನು ಅದು ತಾನೇ ಕಟ್ಟಿಕೊಳ್ಳಬೇಕು. ನ್ಯೂಯಾರ್ಕಿನ ವೃತ್ತಿರಂಗಭೂಮಿಯಾದ ಬ್ರಾಡ್‌ವೇಯಲ್ಲಿ ಕಂಡದ್ದನ್ನು ಹಾಗೆಯೇ ಇಳಿಸಿಕೊಂಡರೆ ತೊಂದರೆ. 2006ರಲ್ಲಿ ‘ಯೂರಿನ್‌ಟೌನ್’ ಮ್ಯೂಸಿಕಲ್‌ನ ಬ್ರಾಡ್‌ವೇ ಕಲಾವಿದರು, ಷಿಕಾಗೊ ಮತ್ತು ಏಕ್ರನ್ ನಗರಗಳ ಎರಡು ಪ್ರಯೋಗಗಳು ತಮ್ಮ ನಿರ್ದೇಶನ, ನೃತ್ಯ ಮತ್ತು ವಿನ್ಯಾಸಗಳನ್ನು ನಕಲು ಮಾಡಿವೆಯೆಂದು ಆರೋಪಿಸಿದ್ದರು; ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಅಮೆರಿಕದ 1976ರ ಕೃತಿಸ್ವಾಮ್ಯ ಕಾಯಿದೆ ನೃತ್ಯಸಂಯೋಜನೆಯನ್ನು ಹೆಸರಿಸಿ ರಕ್ಷಿಸುತ್ತದೆ. ನಿರ್ದೇಶನಕ್ಕೆ ಅಷ್ಟು ಸ್ಪಷ್ಟವಾದ ಆಸರೆ ಇಲ್ಲ. ನಟ ಯಾವ ಮಾತಿಗೆ ಎತ್ತ ತಿರುಗಬೇಕು ಎಂಬುದು ಒಬ್ಬರ ಆಸ್ತಿಯಾಗಬಲ್ಲದೆ ಎಂಬ ಪ್ರಶ್ನೆಗೆ ನ್ಯಾಯಾಲಯಗಳಲ್ಲಿ ಇನ್ನೂ ಖಚಿತ ಉತ್ತರ ಸಿಕ್ಕಿಲ್ಲ.

ಈ ಎರಡನೆಯ ಪದರವನ್ನೂ ಸೇರಿಸಿ ಇಡಿಯಾಗಿ ಮಾರುವ ಪದ್ಧತಿ 1980ರ ದಶಕದಲ್ಲಿ ಬಲಗೊಂಡಿತು. 1981ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಕ್ಯಾಟ್ಸ್’ ಮರುವರ್ಷ ಬ್ರಾಡ್‌ವೇಗೆ ಹೋದಾಗ ಹೋದದ್ದು ಹಾಡುಗಳಷ್ಟೇ ಅಲ್ಲ. ಟ್ರೆವರ್ ನನ್ ಅವರ ನಿರ್ದೇಶನ, ಜಾನ್ ನೇಪಿಯರ್ ಅವರ ಕಸದ ತಿಪ್ಪೆಯ ರಂಗಸಜ್ಜಿಕೆ, ಗಿಲಿಯನ್ ಲಿನ್ ಅವರ ನೃತ್ಯ ಎಲ್ಲವೂ ಒಟ್ಟಿಗೆ ಹೋದವು. ಮುಂದೆ ‘ಲೇ ಮಿಸೆರಾಬ್ಲ್’, ‘ದ ಫ್ಯಾಂಟಮ್ ಆಫ್ ದಿ ಆಪೆರಾ’, ‘ಮಿಸ್ ಸೈಗಾನ್’ ಇದೇ ದಾರಿ ಹಿಡಿದವು. ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ನೋಡಿದರೂ ಅದೇ ಬೆಳಕು, ಅದೇ ಕ್ಷಣದಲ್ಲಿ ಅದೇ ಪರದೆ. ಇದನ್ನು ಯಥಾಪ್ರತಿ ಪ್ರಯೋಗ ಎನ್ನಬಹುದು. ರಂಗದವರ ಬಾಯಲ್ಲಿ ಅದು ‘ರೆಪ್ಲಿಕಾ’. ಒಂದೇ ಅಚ್ಚಿನ ತಿಂಡಿ ಮಾರುವ ಅಂಗಡಿಗಳ ಸರಪಳಿಗೆ ವಿಮರ್ಶಕರು ಇದನ್ನು ಹೋಲಿಸಿ ಹಂಗಿಸಿದ್ದುಂಟು. ಹೋಲಿಕೆಯಲ್ಲಿ ಸತ್ಯವಿದೆ, ಆದರೆ ಪೂರ್ತಿಯಲ್ಲ. ಪ್ರತಿ ಪಾತ್ರವನ್ನೂ ಹೊಸ ದೇಹವೊಂದು ಪ್ರತಿ ರಾತ್ರಿ ಹೊಸದಾಗಿ ತುಂಬಬೇಕಾದ ಕಲೆಯಲ್ಲಿ ಅಚ್ಚು ಎಂಬುದು ಜನ ತಿಳಿದುಕೊಂಡಷ್ಟು ಗಟ್ಟಿಯಾದ ವಸ್ತುವಲ್ಲ.

ನಕಲು ಹೇಗೆ ನಡೆಯುತ್ತದೆ

ಯಥಾಪ್ರತಿ ಮಾಡುವುದು ಸುಲಭದ ಕೆಲಸವೆಂದು ಭಾವಿಸುವವರು ಒಮ್ಮೆ ಪ್ರಾಂಪ್ಟ್ ಬುಕ್ ನೋಡಬೇಕು. ಸ್ಟೇಜ್ ಮ್ಯಾನೇಜರ್ ಕೈಯಲ್ಲಿರುವ ಈ ಪುಸ್ತಕದಲ್ಲಿ ಪ್ರತಿ ಸಾಲಿನ ಪಕ್ಕ ಯಾರು ಎಲ್ಲಿಂದ ಎಲ್ಲಿಗೆ ನಡೆಯಬೇಕು, ಯಾವ ಸ್ವರದ ಮೇಲೆ ಯಾವ ಬೆಳಕು ಬದಲಾಗಬೇಕು, ಯಾವ ಪರದೆ ಎಷ್ಟು ವೇಗದಲ್ಲಿ ಏರಬೇಕು ಎಂಬುದು ಸಂಖ್ಯೆಗಳಲ್ಲಿ ಬರೆದಿರುತ್ತದೆ. ವೇಷಭೂಷಣಕ್ಕೆ ಬಟ್ಟೆಯ ತುಣುಕುಗಳನ್ನು ಅಂಟಿಸಿದ ಬೇರೆ ಪುಸ್ತಕ, ರಂಗಸಜ್ಜಿಕೆಗೆ ನಕ್ಷೆಗಳ ಕಟ್ಟು, ಬೆಳಕಿಗೆ ಕಂಪ್ಯೂಟರ್ ಕಡತ. ಇವೆಲ್ಲವುಗಳ ಆಚೆ ಮನುಷ್ಯರಿದ್ದಾರೆ: ಮೂಲ ನಿರ್ದೇಶಕರ ಜೊತೆ ಕೆಲಸ ಮಾಡಿ ಅವರ ಉದ್ದೇಶ ಬಲ್ಲ ಸಹನಿರ್ದೇಶಕರು, ದಿನದಿನದ ಪ್ರದರ್ಶನವನ್ನು ಹದದಲ್ಲಿಡುವ ರೆಸಿಡೆಂಟ್ ಡೈರೆಕ್ಟರ್, ಪ್ರತಿ ನರ್ತಕರ ಪ್ರತಿ ಹೆಜ್ಜೆಯನ್ನು ನೆನಪಿನಲ್ಲಿಟ್ಟುಕೊಂಡ ಡಾನ್ಸ್ ಕ್ಯಾಪ್ಟನ್. ಪುಸ್ತಕದಲ್ಲಿ ‘ಎಡಕ್ಕೆ ಮೂರು ಹೆಜ್ಜೆ’ ಎಂದಷ್ಟೇ ಇರುತ್ತದೆ. ಆ ಮೂರು ಹೆಜ್ಜೆ ಏಕೆ ಎಂಬುದು ಇವರ ನೆನಪಿನಲ್ಲಿರುತ್ತದೆ.

ಆ ‘ಏಕೆ’ ಕಳೆದುಹೋದಾಗ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ದಾಖಲೆಯಲ್ಲಿದೆ. ಬ್ರಾಡ್‌ವೇಯಲ್ಲಿ ‘ಲೇ ಮಿಸೆರಾಬ್ಲ್’ ಹತ್ತು ವರ್ಷ ತುಂಬುವ ಹೊಸ್ತಿಲಲ್ಲಿದ್ದಾಗ ಅದರ ನಿರ್ದೇಶಕರೂ ನಿರ್ಮಾಪಕರೂ ಮತ್ತೆ ಕುಳಿತು ನೋಡಿದರು. ರಂಗಸಜ್ಜಿಕೆ ಇದ್ದಲ್ಲೇ ಇತ್ತು, ನಡೆಗಳು ತಪ್ಪಿರಲಿಲ್ಲ, ಆದರೆ ನಾಟಕದ ಜೀವ ಬತ್ತಿತ್ತು. ಪಾತ್ರವರ್ಗದ ಬಹಳಷ್ಟು ಜನರನ್ನು ಬದಲಿಸಿ, ಮತ್ತೆ ತಾಲೀಮು ನಡೆಸಿ, 1997ರ ಮಾರ್ಚಿನಲ್ಲಿ ಹೊಸ ತಂಡದೊಂದಿಗೆ ಮುಂದುವರಿಸಿದರು. ಕೆಲಸ ಕಳೆದುಕೊಂಡ ನಟರ ಮಟ್ಟಿಗೆ ಇದು ನಿರ್ದಯ ನಿರ್ಧಾರವೇ ಆಗಿತ್ತು. ಆದರೆ ವಿನ್ಯಾಸ ಉಳಿದರೆ ನಾಟಕ ಉಳಿಯುತ್ತದೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದನ್ನು ಇದು ತೋರಿಸಿಕೊಟ್ಟಿತು.

ವಸ್ತುಗಳೂ ಹಾಗೆಯೇ ಉಳಿಯುವುದಿಲ್ಲ. 1980ರ ದಶಕದ ವಿನ್ಯಾಸಗಳೆಲ್ಲ ಟಂಗ್‌ಸ್ಟನ್ ದೀಪಗಳನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಾಡಿದವು. ಆ ದೀಪವನ್ನು ಮಂದಗೊಳಿಸುತ್ತ ಹೋದರೆ ಬೆಳಕು ಸಂಜೆಗೆಂಪಿನತ್ತ ವಾಲುತ್ತದೆ; ಎಲ್‌ಇಡಿ ತಾನಾಗಿ ಹಾಗೆ ವಾಲುವುದಿಲ್ಲ, ಬಣ್ಣ ಹಾಗೆಯೇ ಇದ್ದು ಪ್ರಮಾಣವಷ್ಟೇ ಕಡಿಮೆಯಾಗುತ್ತದೆ. ಹಳೆಯ ದೀಪಗಳ ತಯಾರಿಕೆ ಕುಗ್ಗುತ್ತಿರುವ ಈ ಕಾಲದಲ್ಲಿ ‘ಅದೇ ಬೆಳಕು’ ಎಂಬುದನ್ನು ಬೇರೆ ಉಪಕರಣದಿಂದ ಅನುಕರಿಸಬೇಕಾಗುತ್ತದೆ. 1975ರ ‘ಎ ಕೋರಸ್ ಲೈನ್’ ಬ್ರಾಡ್‌ವೇಯಲ್ಲಿ ಕಂಪ್ಯೂಟರ್ ಮೂಲಕ ಬೆಳಕು ನಿಯಂತ್ರಿಸಿದ ಮೊದಲ ಪ್ರಯೋಗ. 2006ರಲ್ಲಿ ಅದನ್ನು ಯಥಾಪ್ರತಿಯಾಗಿ ಮರಳಿ ತಂದಾಗ ಥಾರನ್ ಮಸರ್ ಅವರ ಮೂಲ ವಿನ್ಯಾಸವನ್ನು ಇನ್ನೊಬ್ಬ ವಿನ್ಯಾಸಕಾರ್ತಿ ಹೊಸ ಉಪಕರಣಗಳಿಗೆ ಒಗ್ಗಿಸಬೇಕಾಯಿತು. ಅಂದರೆ ಯಥಾಪ್ರತಿ ಎಂಬುದೂ ಒಂದು ಅನುವಾದವೇ, ಭಾಷೆ ಮಾತ್ರ ಹತ್ತಿರದ್ದು.

ತಿರುಗುವೇದಿಕೆ ಮಾಡುತ್ತಿದ್ದ ಕೆಲಸ

ಈಗ ಮೊದಲಿನ ಪ್ರಶ್ನೆಗೆ ಬರೋಣ. ‘ಲೇ ಮಿಸೆರಾಬ್ಲ್’ ನಾಟಕದ ಮೂಲ ವಿನ್ಯಾಸದಲ್ಲಿ ಜಾನ್ ನೇಪಿಯರ್ ರಂಗದ ನಡುವೆ ದೊಡ್ಡದೊಂದು ತಿರುಗುವೇದಿಕೆ ಇಟ್ಟಿದ್ದರು. ಕಥೆ 1815ರಿಂದ 1832ರವರೆಗೆ ಹಬ್ಬಿದೆ, ಊರಿಂದ ಊರಿಗೆ ಅಲೆಯುತ್ತದೆ. ನಟ ನಡೆಯುತ್ತಲೇ ಇದ್ದರೆ ಕಾಲವೂ ದೂರವೂ ಅವನ ಕಾಲಡಿಯಲ್ಲಿ ಜಾರುವಂತೆ ಈ ವೇದಿಕೆ ಮಾಡುತ್ತಿತ್ತು. ಇದು ಚಮತ್ಕಾರ, ಆದರೆ ಬೇರೆ ಉಪಾಯದಿಂದ ಸಾಧಿಸಬಹುದಾದ ಚಮತ್ಕಾರ. ನಿಜವಾದ ಕೆಲಸ ಎರಡನೆಯ ಅಂಕದಲ್ಲಿತ್ತು. ಪಕ್ಕಗಳಿಂದ ಎರಡು ಬೃಹತ್ ರಾಶಿಗಳು ಬಂದು ಕೂಡಿ ದಂಗೆಯೆದ್ದ ವಿದ್ಯಾರ್ಥಿಗಳು ಬೀದಿಗೆ ಅಡ್ಡ ಕಟ್ಟಿದ ಬ್ಯಾರಿಕೇಡ್ ಆಗುತ್ತಿತ್ತು. ಪ್ರೇಕ್ಷಕರು ವಿದ್ಯಾರ್ಥಿಗಳ ಕಡೆಯಿಂದಲೇ ಅದನ್ನು ನೋಡುತ್ತಿದ್ದರು. ಪುಟ್ಟ ಗಾವ್ರೋಷ್ ಗುಂಡುಗಳನ್ನು ಆರಿಸಲು ಆಚೆ ಇಳಿದಾಗ ಬ್ಯಾರಿಕೇಡ್ ಇಡಿಯಾಗಿ ತಿರುಗಿ, ಹುಡುಗ ಸಾಯುವುದನ್ನು ನಾವು ಎದುರೇ ಕಾಣುತ್ತಿದ್ದೆವು. ಕೊನೆಯ ಕಾಳಗ ಮುಗಿದು ಮೌನ ಆವರಿಸಿದ ಮೇಲೆ ಅದು ಮತ್ತೊಮ್ಮೆ ನಿಧಾನವಾಗಿ ತಿರುಗುತ್ತಿತ್ತು. ಆಚೆಯ ಮೈಯಲ್ಲಿ ಕೆಂಪು ಬಾವುಟದ ಮೇಲೆ ತಲೆಕೆಳಗಾಗಿ ಬಿದ್ದ ನಾಯಕ ಆಂಜೊಲ್ರಾಸನ ಹೆಣ. ಯಾರೂ ಹಾಡುತ್ತಿರಲಿಲ್ಲ. ಯಂತ್ರವೊಂದು ತಿರುಗಿ, ನಾವು ಇಷ್ಟು ಹೊತ್ತು ನೋಡಿದ್ದಕ್ಕೆ ಇನ್ನೊಂದು ಮುಖವಿತ್ತು ಎಂದು ಹೇಳಿ ನಿಲ್ಲುತ್ತಿತ್ತು.

2009ರ ಡಿಸೆಂಬರಿನಲ್ಲಿ ಕಾರ್ಡಿಫ್‌ನಲ್ಲಿ ಆರಂಭವಾದ, ಇಪ್ಪತ್ತೈದನೆಯ ವರ್ಷದ ನೆನಪಿನ ಪ್ರವಾಸಿ ಪ್ರಯೋಗದಲ್ಲಿ ಲಾರೆನ್ಸ್ ಕಾನರ್ ಮತ್ತು ಜೇಮ್ಸ್ ಪವೆಲ್ ನಿರ್ದೇಶನ, ಮ್ಯಾಟ್ ಕಿನ್ಲಿ ವಿನ್ಯಾಸ ಬಂದವು. ತಿರುಗುವೇದಿಕೆಯ ಬದಲು ಕಟ್ಟಡಗಳ ಗಟ್ಟಿ ರೂಪಗಳು ಬಂದವು, ಹಿಂಬದಿಯಲ್ಲಿ ಮೂಲ ಕಾದಂಬರಿ ಬರೆದ ವಿಕ್ಟರ್ ಹ್ಯೂಗೊ ತಾನೇ ಬಿಡಿಸಿದ ಚಿತ್ರಗಳಿಂದ ಪ್ರೇರಿತವಾದ ಚಲಿಸುವ ಬಿಂಬಗಳು ಮೂಡಿದವು. ಹ್ಯೂಗೊ ಸುಮಾರು 4,000 ರೇಖಾಚಿತ್ರಗಳನ್ನು ಬಿಟ್ಟುಹೋದ ಕಲಾವಿದನೂ ಹೌದು. ಮಸಿ ಚೆಲ್ಲಿ ಮೂಡಿಸಿದ ಆ ಕತ್ತಲೆಯ ಕೋಟೆಗಳನ್ನು ರಂಗಕ್ಕೆ ತಂದದ್ದು ಸೊಗಸಾದ ಆಲೋಚನೆ. ಪ್ಯಾರಿಸ್ಸಿನ ಚರಂಡಿಗಳ ದೃಶ್ಯ ಹೊಸದರಲ್ಲೇ ಹೆಚ್ಚು ಪರಿಣಾಮಕಾರಿ ಎಂದು ನನ್ನ ಅನಿಸಿಕೆ: ನಡೆಯುವವನು ಇದ್ದಲ್ಲೇ ಇದ್ದು ಸುರಂಗವೇ ಅವನನ್ನು ನುಂಗುತ್ತ ಹೋಗುತ್ತದೆ. ಆದರೆ ಬ್ಯಾರಿಕೇಡ್ ಈಗ ತಿರುಗುವುದಿಲ್ಲ. ಗಾವ್ರೋಷ್ ಆಚೆ ಇಳಿದಾಗ ನಮಗೆ ಕಾಣುವುದಿಲ್ಲ, ಅವನ ದನಿ ಮಾತ್ರ ಕೇಳುತ್ತದೆ. ಇದನ್ನು ನಷ್ಟವೆನ್ನಲಾರೆ, ಏಕೆಂದರೆ ಕಾಣದ ಮಗುವಿನ ಬಗ್ಗೆ ಹುಟ್ಟುವ ಆತಂಕ ಕಾಣುವ ಮಗುವಿನದಕ್ಕಿಂತ ಕಡಿಮೆಯದಲ್ಲ. ಆಂಜೊಲ್ರಾಸನ ಹೆಣ ಮಾತ್ರ ಗಾಡಿಯೊಂದರ ಮೇಲೆ ಬರುತ್ತದೆ. ಮಾಹಿತಿ ತಲುಪುತ್ತದೆ, ಆಘಾತ ತಲುಪುವುದಿಲ್ಲ.

ಒಂದು ರಂಗೋಪಾಯ ನಾಟಕದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಕೇಳದೆ ಅದನ್ನು ಉಳಿಸುವುದೂ ತಪ್ಪು, ತೆಗೆಯುವುದೂ ತಪ್ಪು. ಒಂದೇ ನಾಟಕದ ಒಂದೇ ಯಂತ್ರ ಒಂದು ದೃಶ್ಯದಲ್ಲಿ ಬರೀ ಸಾಗಣೆಯಾಗಿ, ಇನ್ನೊಂದರಲ್ಲಿ ಕಥೆಯ ಕೀಲಾಗಿ ಇರಬಲ್ಲದು. ಹೊಸ ತಂಡ ಮೊದಲನೆಯದನ್ನು ಗೆದ್ದಿದೆ, ಎರಡನೆಯದರಲ್ಲಿ ಸೋತಿದೆ. ಕುತೂಹಲದ ಸಂಗತಿಯೆಂದರೆ, ಮೊದಲ ಅಂಕದ ಕೊನೆಯಲ್ಲಿ ಎಲ್ಲರೂ ಇದ್ದಲ್ಲೇ ಹೆಜ್ಜೆ ಹಾಕುತ್ತ ಹಾಡುವ ದೃಶ್ಯವನ್ನು ಹೊಸ ತಂಡವೂ ಹಳೆಯ ರೀತಿಯಲ್ಲೇ ಉಳಿಸಿಕೊಂಡಿದೆ. ಹೊಸತೆಂದು ಕರೆಸಿಕೊಂಡದ್ದು ಪೂರ್ತಿ ಹೊಸದಲ್ಲ. ಹಳೆಯವರ ಕಲ್ಪನೆಯ ಮೇಲೆಯೇ ಅದೂ ನಿಂತಿದೆ.

ಕತ್ತಲೆಯೂ ವಿನ್ಯಾಸ

‘ಫ್ಯಾಂಟಮ್’ ಪ್ರಕರಣ ಇನ್ನೂ ಜಟಿಲ. 1986ರ ಅಕ್ಟೋಬರ್ 9ರಂದು ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ಆರಂಭವಾದ ಈ ನಾಟಕದ ನಿರ್ದೇಶಕ ಹೆರಾಲ್ಡ್ ಪ್ರಿನ್ಸ್, ವಿನ್ಯಾಸಕಾರ್ತಿ ಮರಿಯಾ ಬ್ಯೋರ್ನ್‌ಸನ್. ಅದ್ದೂರಿತನಕ್ಕೆ ಹೆಸರಾದ ನಾಟಕವಿದು. ಆದರೆ ಗಮನವಿಟ್ಟು ನೋಡಿದರೆ ರಂಗದ ಮೇಲೆ ಗಟ್ಟಿಯಾದ ಗೋಡೆಗಳು ತೀರಾ ಕಡಿಮೆ. ಭಾರಿ ಪರದೆಗಳು, ನೆಲದಿಂದ ಮೇಲೇಳುವ ಮೋಂಬತ್ತಿಗಳು, ಓರೆಯಾಗಿ ಇಳಿಯುವ ಒಂದು ಸೇತುವೆ, ಉಳಿದದ್ದೆಲ್ಲ ಕಪ್ಪು ಶೂನ್ಯ. ಕಥೆ ನಡೆಯುವ ಪ್ಯಾರಿಸ್ ಆಪೆರಾ ಮಂದಿರದ ಅಗಾಧತೆಯನ್ನು ಪ್ರೇಕ್ಷಕನ ಕಲ್ಪನೆಯೇ ಆ ಕತ್ತಲೆಯಲ್ಲಿ ಕಟ್ಟಿಕೊಳ್ಳಲಿ ಎಂಬುದು ಪ್ರಿನ್ಸ್ ಅವರ ಎಣಿಕೆಯಾಗಿತ್ತು. ರಂಗದ ಚೌಕಟ್ಟಿಗೆ ಬ್ಯೋರ್ನ್‌ಸನ್ ಹೊದಿಸಿದ ಚಿನ್ನದ ಶಿಲ್ಪಗಳು ಆ ಕತ್ತಲೆಗೆ ಅಂಚು ಕಟ್ಟುತ್ತಿದ್ದವು. 1897ರಲ್ಲಿ ಕಟ್ಟಿದ ಆ ರಂಗಮಂದಿರದ ನೆಲದಡಿಯಲ್ಲಿ ಮರದ ಹಳೆಯ ಯಂತ್ರಗಳು ಇನ್ನೂ ಉಳಿದಿವೆ ಎಂಬುದು ಈ ಕಥೆಗೆ ತಾನಾಗಿ ಒದಗಿಬಂದ ಅಲಂಕಾರ.

2012ರ ಬ್ರಿಟನ್ ಪ್ರವಾಸಕ್ಕೆ ಲಾರೆನ್ಸ್ ಕಾನರ್ ನಿರ್ದೇಶನದಲ್ಲಿ ಪಾಲ್ ಬ್ರೌನ್ ಹೊಸ ರಂಗಸಜ್ಜಿಕೆ ಮಾಡಿದರು. ಬ್ಯೋರ್ನ್‌ಸನ್ ಅವರ ವೇಷಭೂಷಣಗಳನ್ನು ಉಳಿಸಿಕೊಳ್ಳಲಾಯಿತು. ಅವರು 2002ರಲ್ಲೇ ತೀರಿಕೊಂಡಿದ್ದರು. ಬ್ರೌನ್ ಅವರದು ವಾಸ್ತವಕ್ಕೆ ಹತ್ತಿರವಾದ ಆಪೆರಾ ಮಂದಿರ: ನೇಪಥ್ಯದ ಕೋಣೆಗಳು, ಇಟ್ಟಿಗೆ, ಕಚೇರಿ. ಎಲ್ಲದರ ನಡುವೆ ಬೃಹತ್ತಾದ ದುಂಡು ಗೋಡೆಯೊಂದು ತಿರುಗುತ್ತದೆ, ನೆಲಮಾಳಿಗೆಗೆ ಇಳಿಯುವಾಗ ಅದರ ಮೈಯಿಂದ ಮೆಟ್ಟಿಲುಗಳು ಒಂದೊಂದಾಗಿ ಹೊರಬರುತ್ತವೆ. ಆ ಮೆಟ್ಟಿಲುಗಳು ಜಾಣತನದ ಕೆಲಸ, ಅನುಮಾನವಿಲ್ಲ. ಆದರೆ ಗೋಡೆ ಕಂಡಾಕ್ಷಣ ಕಟ್ಟಡಕ್ಕೆ ಅಳತೆ ಬರುತ್ತದೆ. ಕತ್ತಲೆಯಲ್ಲಿದ್ದ ಆಪೆರಾ ಮಂದಿರ ಎಷ್ಟು ದೊಡ್ಡದೆಂದು ಯಾರೂ ಹೇಳಲಾರರು. ಇಟ್ಟಿಗೆಯ ಆಪೆರಾ ಮಂದಿರ ರಂಗದಷ್ಟೇ ದೊಡ್ಡದು. ಪ್ರೇತದಂಥ ಮನುಷ್ಯ ಎಲ್ಲಿಂದ ಬೇಕಾದರೂ ಬಂದಾನು ಎಂಬ ಭಯ ಈ ಕಥೆಯ ಉಸಿರು. ಗೋಡೆ ಇದ್ದ ಕಡೆ ಅವನು ಬಾಗಿಲಿನಿಂದಲೇ ಬರಬೇಕು.

ಲಂಡನ್ನಿನ ಮೂಲ ಪ್ರಯೋಗಕ್ಕೂ ಕತ್ತರಿ ಬಿದ್ದದ್ದು ಸೋಂಕಿನ ಕಾಲದಲ್ಲಿ. 2020ರ ಮಾರ್ಚಿನಲ್ಲಿ ನಿಂತ ನಾಟಕ 2021ರ ಜುಲೈನಲ್ಲಿ ಮರಳಿದಾಗ ರಂಗಸಜ್ಜಿಕೆಯನ್ನು ಹೊಸದಾಗಿ ಕಟ್ಟಲಾಗಿತ್ತು, ಕೆಲವೆಡೆ ಮಾರ್ಪಡಿಸಲಾಗಿತ್ತು, ಮತ್ತು ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಗುರಿಯಾದಂತೆ, ವಾದ್ಯವೃಂದ 27 ಜನರಿಂದ 14ಕ್ಕೆ ಇಳಿದಿತ್ತು. ಇಲ್ಲಿ ಹೊಸ ದೃಷ್ಟಿಯೇನೂ ಇರಲಿಲ್ಲ. ಹಳೆಯ ಹೆಸರು, ಹಳೆಯ ಚಿತ್ರ, ಅರ್ಧ ವಾದ್ಯಗಾರರು. ಅತ್ತ ನ್ಯೂಯಾರ್ಕಿನ ಮೆಜೆಸ್ಟಿಕ್ ಥಿಯೇಟರಿನಲ್ಲಿ 1988ರ ರಂಗರೂಪ ಪೂರ್ಣ ವಾದ್ಯವೃಂದದೊಂದಿಗೆ ಮುಂದುವರಿಯಿತು, 2023ರ ಏಪ್ರಿಲ್ 16ರಂದು 13,981ನೆಯ ಪ್ರದರ್ಶನದೊಂದಿಗೆ ಮುಗಿಯಿತು. ಒಂದು ಬದಲಾಗಿ ಉಳಿಯಿತು, ಇನ್ನೊಂದು ಬದಲಾಗದೆ ಮುಗಿಯಿತು. ಈ ಎರಡರಲ್ಲಿ ಯಾವುದು ನಾಟಕಕ್ಕೆ ಮಾಡಿದ ನ್ಯಾಯ ಎಂದು ಕೇಳಿದರೆ ನಾನು ಎರಡನೆಯದೆನ್ನುತ್ತೇನೆ, ಆದರೆ ಅಲ್ಲಿ ಕೆಲಸ ಕಳೆದುಕೊಂಡವರ ಮುಂದೆ ನಿಂತು ಹಾಗೆನ್ನುವುದು ಸುಲಭವಲ್ಲ.

ಲೆಕ್ಕದ ಪುಸ್ತಕ

ಹಣದ ಮಾತು ಬಂದ ಮೇಲೆ ಅದನ್ನು ನೇರವಾಗಿಯೇ ಆಡಬೇಕು. ರಂಗಸಜ್ಜಿಕೆ ಭಾರವಾದಷ್ಟೂ ಪ್ರವಾಸದ ಲಾರಿಗಳು ಹೆಚ್ಚು, ಪ್ರತಿ ಊರಿನಲ್ಲಿ ಅದನ್ನು ಜೋಡಿಸುವ ದಿನಗಳು ಹೆಚ್ಚು, ಜೋಡಿಸುವ ದಿನ ಪ್ರದರ್ಶನವಿಲ್ಲ, ಗಳಿಕೆಯಿಲ್ಲ. ನೆಲವನ್ನೇ ಎತ್ತರಿಸಿ ಕೂರಿಸಬೇಕಾದ ತಿರುಗುವೇದಿಕೆಗಿಂತ ಬಿಂಬ ಮೂಡಿಸುವ ಪ್ರೊಜೆಕ್ಟರ್ ಹಗುರ. ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ: ಮೂಲ ನಿರ್ದೇಶಕರು ಮತ್ತು ವಿನ್ಯಾಸಕಾರರಿಗೆ ಟಿಕೆಟ್ ಗಳಿಕೆಯಲ್ಲಿ ಪಾಲು ಸಲ್ಲುವುದು ರೂಢಿ, ಮತ್ತು ಅವರ ರಂಗರೂಪ ನಡೆಯುವಷ್ಟು ಕಾಲ ಅದು ಸಲ್ಲುತ್ತದೆ. ರಂಗರೂಪ ಬದಲಾದರೆ ಒಪ್ಪಂದವೂ ಬದಲಾಗುತ್ತದೆ, ಹೊಸಬರ ಷರತ್ತುಗಳು ಬೇರೆಯಾಗಿರಬಹುದು. ಯಾವ ನಿರ್ಧಾರದ ಹಿಂದೆ ಯಾವ ಕಾರಣ ಎಷ್ಟು ತೂಗಿತು ಎಂದು ಹೊರಗಿನಿಂದ ಹೇಳುವುದು ನ್ಯಾಯವಲ್ಲ. ಹೊಸ ರಂಗರೂಪಕ್ಕೆ ಕಲೆಯ ಕಾರಣವೂ ಖರ್ಚಿನ ಕಾರಣವೂ ಏಕಕಾಲಕ್ಕೆ ಇರಬಲ್ಲವು ಎಂಬುದನ್ನಷ್ಟೇ ಓದುಗರು ನೆನಪಿಟ್ಟುಕೊಂಡರೆ ಸಾಕು.

ಯಥಾಪ್ರತಿಯ ಪರವಾಗಿ ಮಾರುಕಟ್ಟೆ ಯಾವಾಗಲೂ ಸಾಕ್ಷಿ ಹೇಳುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಬ್ರಾಡ್‌ವೇಯಲ್ಲಿ ‘ಲೇ ಮಿಸೆರಾಬ್ಲ್’ 2003ರ ಮೇ ತಿಂಗಳಲ್ಲಿ ಮುಗಿಯಿತು. ಮೂರೇ ವರ್ಷಗಳಲ್ಲಿ, 2006ರ ನವೆಂಬರಿನಲ್ಲಿ, ಹಳೆಯ ರಂಗರೂಪವನ್ನೇ ಮರಳಿ ತರಲಾಯಿತು. ಅದು 2008ರ ಜನವರಿಯವರೆಗೆ ಮಾತ್ರ ನಡೆಯಿತು. 2014ರ ಮಾರ್ಚಿನಲ್ಲಿ ಬಂದ ಹೊಸ ರಂಗರೂಪ ಅದರ ಎರಡು ಪಟ್ಟು ಕಾಲ ಓಡಿತು. ಇದರಿಂದ ಹೊಸದೇ ಮೇಲೆಂದು ತೀರ್ಮಾನಿಸಬೇಕಿಲ್ಲ: ಮೊದಲನೆಯದಕ್ಕೆ ಜನ ಮರೆಯುವಷ್ಟು ಸಮಯವನ್ನೇ ಕೊಟ್ಟಿರಲಿಲ್ಲ, ಎರಡನೆಯದರ ಹೊತ್ತಿಗೆ 2012ರ ಚಲನಚಿತ್ರ ಕುತೂಹಲ ಕೆರಳಿಸಿತ್ತು.

ತಲೆಮಾರುಗಳ ಕಾಲದ ಒಂದು ಪ್ರಯೋಗ

ಬದಲಿಸದೆ ಉಳಿಸುವುದನ್ನೇ ವ್ರತವಾಗಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಉತ್ತರವಿದೆ. ಹತ್ತೊಂಬತ್ತನೆಯ ಶತಮಾನದ ನಾಟಕಕಾರ ಗಿಲ್ಬರ್ಟ್ ಮತ್ತು ಸಂಗೀತಕಾರ ಸಲಿವನ್ ಜೋಡಿಯ ಹಗುರ ಆಪೆರಾಗಳನ್ನು ಬ್ರಿಟನ್ನಿನಲ್ಲಿ ವೃತ್ತಿಪರವಾಗಿ ಆಡುವ ಹಕ್ಕು ಡಾಯ್ಲಿ ಕಾರ್ಟ್ ಕಂಪನಿಯ ಬಳಿ ಇತ್ತು. ಗಿಲ್ಬರ್ಟ್ ತಾನೇ ನಿರ್ದೇಶಿಸಿ ಗೊತ್ತುಪಡಿಸಿದ ನಡೆಗಳನ್ನು ಪ್ರಾಂಪ್ಟ್ ಬುಕ್‌ಗಳ ಆಧಾರದಿಂದ ತಲೆಮಾರಿನಿಂದ ತಲೆಮಾರಿಗೆ ದಾಟಿಸಲಾಯಿತು. ಅವನು 1911ರಲ್ಲಿ ತೀರಿಕೊಂಡ. ಕೃತಿಸ್ವಾಮ್ಯ 1961ರ ಕೊನೆಯಲ್ಲಿ ತೀರಿತು. ಆ ಬೇಲಿ ಕಳಚಿದ ಮೇಲೆ ಬೇರೆ ಕಂಪನಿಗಳು ಅವೇ ಆಪೆರಾಗಳನ್ನು ತಮ್ಮ ರೀತಿಯಲ್ಲಿ ಆಡತೊಡಗಿದವು. ಹಳೆಯ ಕಂಪನಿಯ ಪ್ರದರ್ಶನಗಳು ವಸ್ತುಸಂಗ್ರಹಾಲಯದ ವಾಸನೆ ಹೊಡೆಯುತ್ತಿವೆ ಎಂಬ ಟೀಕೆ ಬೆಳೆಯಿತು, 1982ರಲ್ಲಿ ಕಂಪನಿ ಮುಚ್ಚಿತು. ಆದರೆ ಇದೇ ಕಂಪನಿ 1926ರಲ್ಲಿ ‘ದ ಮಿಕಾಡೊ’ ನಾಟಕಕ್ಕೆ ಚಾರ್ಲ್ಸ್ ರಿಕೆಟ್ಸ್ ಅವರಿಂದ ಹೊಸ ವಿನ್ಯಾಸ ಮಾಡಿಸಿತ್ತು ಎಂಬುದು ಹೆಚ್ಚು ಜನ ಗಮನಿಸದ ವಿವರ. ಸಂಪ್ರದಾಯದ ಕಾವಲುಗಾರರೂ ನಡೆಯನ್ನು ಮುಟ್ಟದೆ ಉಡುಪನ್ನು ಬದಲಿಸಿದ್ದರು. ಮೂಲದ ಯಾವ ಭಾಗ ಪವಿತ್ರ, ಯಾವುದು ಅಲ್ಲ ಎಂಬ ಗೆರೆಯನ್ನು ಅವರು ಆಗಲೇ ತಮಗೆ ತೋಚಿದಲ್ಲಿ ಎಳೆದುಕೊಂಡಿದ್ದರು.

ನೃತ್ಯದ ವಿಷಯದಲ್ಲಿ ಆ ಗೆರೆ ಎಳೆಯುವುದು ಇನ್ನೂ ಕಷ್ಟ. ಗೋಡೆಯನ್ನು ಬದಲಿಸಬಹುದು, ‘ಕ್ಯಾಟ್ಸ್’ ನಾಟಕದಲ್ಲಿ ಕುಣಿತವನ್ನು ಬದಲಿಸಿದರೆ ಉಳಿಯುವುದೇನು? 2016ರಲ್ಲಿ ಅದು ಬ್ರಾಡ್‌ವೇಗೆ ಮರಳಿದಾಗ ನಿರ್ದೇಶಕ ನನ್, ವಿನ್ಯಾಸಕಾರ ನೇಪಿಯರ್ ಹಳಬರೇ ಆಗಿದ್ದರು; ನೃತ್ಯವನ್ನು ಮಾತ್ರ ಲಿನ್ ಅವರದನ್ನು ಆಧರಿಸಿ ಆಂಡಿ ಬ್ಲಾಂಕನ್‌ಬ್ಯೂಲರ್ ಮರುರೂಪಿಸಿದರು. ಆಗ ತೊಂಬತ್ತರ ಹರೆಯದಲ್ಲಿದ್ದ ಲಿನ್ ತಮಗಾದ ನೋವನ್ನು ಬಹಿರಂಗವಾಗಿಯೇ ಹೇಳಿಕೊಂಡರು. ಬೆಕ್ಕುಗಳ ಮೈಯೊಳಗೆ ಕಥೆಯನ್ನು ಬರೆದವರು ಆಕೆಯೇ ಎಂದು ಒಪ್ಪುವುದಾದರೆ, ಅವರ ಹೆಸರು ನಿರ್ದೇಶಕರ ಹೆಸರಿಗಿಂತ ಮೊದಲು ಉಳಿಯಬೇಕಿತ್ತು.

ಬೇರು ಸಮೇತ ಬದಲಿಸಿದವರು

ಅರ್ಧ ಉಳಿಸಿ ಅರ್ಧ ಬದಲಿಸುವ ದಾರಿಗಿಂತ ಬುಡದಿಂದಲೇ ಬೇರೆಯಾಗಿ ಯೋಚಿಸಿದ ಪ್ರಯೋಗಗಳು ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತವೆ. 1993ರ ‘ಸನ್‌ಸೆಟ್ ಬೊಲವಾರ್ಡ್’ ನೇಪಿಯರ್ ಅವರ ಇನ್ನೊಂದು ಯಂತ್ರವೈಭವ: ಇಡೀ ಬಂಗಲೆ ಗಾಳಿಯಲ್ಲಿ ಮೇಲೇಳುತ್ತಿತ್ತು. 2023ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಜೇಮಿ ಲಾಯ್ಡ್ ಅದನ್ನು ಬರಿಯ ರಂಗದ ಮೇಲೆ ಆಡಿಸಿದರು. ಬಂಗಲೆಯಿಲ್ಲ, ಮೆಟ್ಟಿಲಿಲ್ಲ, ಕ್ಯಾಮೆರಾ ಮತ್ತು ಬೃಹತ್ ಪರದೆ ಮಾತ್ರ. ಎರಡನೆಯ ಅಂಕದ ಆರಂಭದಲ್ಲಿ ನಟ ರಂಗಮಂದಿರದಿಂದ ಬೀದಿಗೆ ಹೋಗಿ ಹಾಡುತ್ತ ಮರಳುವುದು ಪರದೆಯ ಮೇಲೆ ಆ ಕ್ಷಣದಲ್ಲೇ ಮೂಡುತ್ತಿತ್ತು. ಮರೆತುಹೋದ ಮೂಕಿಚಿತ್ರ ತಾರೆಯ ಕಥೆಯಲ್ಲಿ ಕ್ಯಾಮೆರಾ ಹೊರಗಿನಿಂದ ತಂದ ಆಟಿಕೆಯಲ್ಲ. ಆಕೆಯ ಮುಖ ಬಯಸುವುದೇ ಅದನ್ನು. ಹಳೆಯ ವಿನ್ಯಾಸ ಆಕೆಯ ಸಿರಿವಂತಿಕೆಯನ್ನು ತೋರಿಸುತ್ತಿತ್ತು, ಹೊಸದು ಆಕೆಯ ಹಸಿವನ್ನು ತೋರಿಸಿತು. ಇದಕ್ಕೆ ಎದುರಾದ ಉದಾಹರಣೆಯೂ ಇದೆ: 2020ರ ಫೆಬ್ರುವರಿಯಲ್ಲಿ ಬ್ರಾಡ್‌ವೇಯಲ್ಲಿ ಈವೊ ವಾನ್ ಹೋವ ‘ವೆಸ್ಟ್ ಸೈಡ್ ಸ್ಟೋರಿ’ ನಾಟಕದಿಂದ ಜೆರೋಮ್ ರಾಬಿನ್ಸ್ ಅವರ 1957ರ ನೃತ್ಯವನ್ನು ತೆಗೆದು ಅದೇ ರೀತಿಯ ದೊಡ್ಡ ಪರದೆ ತಂದರು. ಅಲ್ಲಿ ಬೀದಿಗುಂಪುಗಳ ಜಗಳಕ್ಕೆ ನೃತ್ಯವೇ ಭಾಷೆಯಾಗಿತ್ತು. ಪರದೆ ನರ್ತಕರನ್ನು ಕುಬ್ಜಗೊಳಿಸಿತೆಂಬ ಟೀಕೆ ಬಂದದ್ದು ಸಹಜ. ಒಂದೇ ಉಪಾಯ ಒಂದು ಕಥೆಯ ಒಳಗಿನಿಂದ ಹುಟ್ಟಿತು, ಇನ್ನೊಂದರ ಮೇಲೆ ಹೊರಗಿನಿಂದ ಬಂದು ಕುಳಿತಿತು.

ಹೊಸದು ಹಳೆಯದಾಗುವ ವಿಚಿತ್ರವನ್ನು ‘ಷಿಕಾಗೊ’ ತೋರಿಸುತ್ತದೆ. ಬಾಬ್ ಫಾಸಿ 1975ರಲ್ಲಿ ಮಾಡಿದ ಮೂಲ ಪ್ರಯೋಗ 936 ಪ್ರದರ್ಶನಗಳಿಗೆ ಮುಗಿಯಿತು. 1996ರಲ್ಲಿ ಕೆಲವೇ ದಿನಗಳ ಸಂಗೀತ ಕಛೇರಿಯ ಮಾದರಿಯಲ್ಲಿ, ವಾದ್ಯವೃಂದವನ್ನು ರಂಗದ ಮೇಲೆಯೇ ಕೂರಿಸಿ, ಕಪ್ಪು ಉಡುಪಿನಲ್ಲಿ ಆಡಿದ ರೂಪ ಅದೇ ವರ್ಷದ ನವೆಂಬರಿನಲ್ಲಿ ಬ್ರಾಡ್‌ವೇಗೆ ಬಂತು, ಅಲ್ಲಿಂದ ಇಂದಿನವರೆಗೆ ನಡೆಯುತ್ತಿದೆ. ಸಮಯ ಮತ್ತು ಹಣದ ಅಭಾವದಿಂದ ಹುಟ್ಟಿದ ಸರಳತೆ ಈಗ ಜಗತ್ತಿನಾದ್ಯಂತ ಯಥಾಪ್ರತಿ ಮಾಡಲಾಗುವ ಮೂಲವಾಗಿದೆ. ಬಹುಪಾಲು ಪ್ರೇಕ್ಷಕರಿಗೆ ‘ಷಿಕಾಗೊ’ ಎಂದರೆ ಅದೇ. 1975ರ ರಂಗಸಜ್ಜಿಕೆ ಯಾರ ನೆನಪಿನಲ್ಲೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ನಾಟಕ ಈ ಚರ್ಚೆಯ ಆಚೆ ನಿಂತಿದೆ. 1997ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ದ ಲಯನ್ ಕಿಂಗ್’ ಹೋದೆಡೆಯೆಲ್ಲ ಜೂಲಿ ಟೇಮರ್ ಅವರ ರಂಗರೂಪದಲ್ಲೇ ಹೋಗಿದೆ. ನಿರ್ದೇಶನ ಅವರದು, ವೇಷಭೂಷಣ ಅವರದು, ಮುಖವಾಡ ಮತ್ತು ಗೊಂಬೆಗಳ ವಿನ್ಯಾಸದಲ್ಲೂ ಅವರ ಕೈಯಿದೆ. ಪ್ರಾಣಿಯ ಮುಖವಾಡವನ್ನು ನಟನ ತಲೆಯ ಮೇಲಿಟ್ಟು, ಕೆಳಗೆ ಮನುಷ್ಯನ ಮುಖವನ್ನೂ ಕಾಣುವಂತೆ ಬಿಟ್ಟದ್ದೇ ಅವರ ಇಡೀ ಕಲ್ಪನೆಯ ತಿರುಳು. ಅದನ್ನು ತೆಗೆದರೆ ಉಳಿಯುವುದು ಒಂದು ಚಲನಚಿತ್ರದ ಹಾಡುಗಳು ಮತ್ತು ಸಿಂಹಗಳಂತೆ ನಟಿಸಬೇಕಾದ ಕೆಲವು ಮನುಷ್ಯರು. ಇಲ್ಲಿ ಕಾಗದದ ಮೇಲಿನ ಪದರ ಮತ್ತು ರಂಗದ ಮೇಲಿನ ಪದರ ಎಂಬ ವಿಂಗಡಣೆಯೇ ನಡೆಯುವುದಿಲ್ಲ. ಆದರೂ ಎಂದೋ ಒಂದು ದಿನ, ಲಾರಿಗಳ ಲೆಕ್ಕ ಹಾಕುವವರೋ, ಟೇಮರ್ ಅವರಷ್ಟೇ ಧೈರ್ಯವಿರುವ ಇನ್ನೊಬ್ಬ ಕಲಾವಿದರೋ, ಆ ಮುಖವಾಡಗಳಿಲ್ಲದೆ ಅದೇ ಸವನ್ನಾ ಹುಲ್ಲುಗಾವಲನ್ನು ಕಟ್ಟಲು ಕೈಹಾಕುತ್ತಾರೆ. ಇಬ್ಬರಲ್ಲಿ ಯಾರು ಬಂದರೆಂಬುದು ಜಾಹೀರಾತಿನಿಂದ ತಿಳಿಯುವುದಿಲ್ಲ. ಮೊದಲ ದೃಶ್ಯದಲ್ಲಿ ಸೂರ್ಯ ಏರುವಾಗ ಪ್ರೇಕ್ಷಕರ ನಡುವಿನ ಹಾದಿಯಲ್ಲಿ ನಡೆದುಬರುತ್ತಿದ್ದ ಆನೆಯ ಜಾಗದಲ್ಲಿ ಏನಿದೆ ಎಂದು ನೋಡಿದರೆ ತಿಳಿಯುತ್ತದೆ.